ಬ್ರೇಕಿಗೆ ಕೀಲೆಣ್ಣೆ

ಭೋಜ
೧೨ನೇ ತಾರೀಖು, ಸೋಮವಾರ

ಮೊಮ್ಮಗ ಅಮಿತನಿಗೆ ಆಯಿಯ ಆಶೀರ್ವಾದ.

ಮೊದಲು ಆ ಕರಿ ಕೈ ಸಾಬೂನು ಹಚ್ಚಿ ತೊಳೆದುಕೊಂಡು ಬಾ, ಆಮೇಲೆ ಓದು. ನನ್ನ ಕಾಗದಕ್ಕೂ ಎಣ್ಣೆ ಬಳಿಯಬೇಡ. ಫೋನಿನಲ್ಲಿ ಬೈಯಲು ಶುರುಮಾಡಿದರೆ "ರೇಂಜ್ ಇಲ್ಲ ಆಯಿ" ಎಂದು ಕಟ್ ಮಾಡುತ್ತೀಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕನೇ ಇಯತ್ತೆ ಕಲಿತವಳ ಅಕ್ಷರ ಸೊಟ್ಟಗಿದ್ದೀತು, ಬೈಗುಳ ನೆಟ್ಟಗಿದೆ.

ನಿನ್ನೆ ರವಿವಾರ ಬಂದವನು ಏನು ಮಾಡಿದೆ? ಹೆಂಡತಿಯನ್ನು ಒಳಗೆ ಕಳಿಸಿ, ಅಂಗಳದ ತುಂಬ ಫಟಫಟಿಯ ಕರುಳು ಹರವಿಕೊಂಡು ಕುಳಿತೆ. ಹಿಂದಿನ ಬ್ರೇಕು ಕಿರಗುಡುತ್ತದೆಂದು ಗಾಲಿ ಬಿಚ್ಚಿ, ಒಳಗೆಲ್ಲ ನಿಮ್ಮಜ್ಜ ಬಿಟ್ಟುಹೋದ ಡಬ್ಬಿಯ ಕೀಲೆಣ್ಣೆ ಬಳಿದೆ. ಆತ ಅದನ್ನು ಔಡಲೆಣ್ಣೆಯಲ್ಲಿ ಮಸಿ ಕಲಸಿ ಮಾಡಿಟ್ಟದ್ದು ಕಬ್ಬಿನ ಬಂಡಿಗೆ. ಬಂಡಿಗೆ ಹಾಕುವುದು ಗಾಲಿ ತಿರುಗಲಿ ಎಂದು. ಬ್ರೇಕ್ ಇರುವುದು ಗಾಲಿ ನಿಲ್ಲಲಿ ಎಂದು. ಇಷ್ಟು ತಿಳಿಯದೆ ಮೊಬೈಲಿನಲ್ಲಿ ಏನು ನೋಡಿದೆಯೋ! "ಲೇ, ಜಾರತೈತಿ" ಎಂದರೆ "ಸುಮ್ಕಿರ ಆಯಿ, ನಿನಗೇನ ಗೊತ್ತಾಗತೈತಿ" ಎಂದೆ. ಬಂಡಿಯ ಮೇಲೆ ಕೂತೇ ಕೂದಲು ಹಣ್ಣಾದವಳಿಗೆ ಈ ಮಾತು!

ಉಂಡು, ಮಲಗಿ ಎದ್ದು, ಸಂಜೆ ಚಿಕ್ಕೋಡಿ ಮುಟ್ಟಿ ಫೋನು ಬೇರೆ. "ಆಯಿ, ಬ್ರೇಕ್ ಏಕದಂ ಝಕಾಸ್! ಕಿರಕಿರಿ ಬಂದ್. ಅಜ್ಜನ ಎಣ್ಣಿ ಮುಂದ ಅಂಗಡಿ ಮಾಲೇನ? ಚಿಂಚಲಿಗಿ ಹೋಗೂಕಿಂತ ಮೊದಲ ಮುಂದಿನ ಬ್ರೇಕಿಗೂ ಹಚ್ಚಿಬಿಡತೇನಿ." ಕೇಳಿದಾಗಿನಿಂದ ನನಗೆ ತುತ್ತು ಇಳಿದಿಲ್ಲ. ಬರುವ ತಿಂಗಳು ದಾನೇಶ್ವರಿಯ ಕುಬಸ. ಏಳು ತಿಂಗಳ ಬಸುರಿಯನ್ನು ಅದೇ ಗಾಡಿಯ ಹಿಂದೆ ಕೂರಿಸಿಕೊಂಡು ಅವಳ ತವರು ಚಿಂಚಲಿಗೆ ಹೋಗುತ್ತೀಯಂತೆ. ಕಬ್ಬಿನ ಟ್ರ್ಯಾಕ್ಟರು ಎದುರಿಗೆ ಬಂದಾಗ ಕೀಲೆಣ್ಣೆ ಡಬ್ಬಿಗೆ ಕೈ ಮುಗಿಯುತ್ತೀಯಾ?

ನಿನ್ನ ಕಾಕಾ ಅಣ್ಣಾಸಾಬನ ಗ್ಯಾರೇಜು ನಮ್ಮ ಮನೆಯ ಹಿಂದಿನ ಓಣಿಯಲ್ಲೇ ಇದೆ. ಹೋಗಲು ನಿನ್ನ ಸಿಟ್ಟು ಅಡ್ಡ. ಹೌದು, ಹೋದ ವರ್ಷ ಗಿರಾಕಿಗಳ ಎದುರು ನಿನ್ನ ಕೈಯಿಂದ ಬೋಲ್ಟು ಬಿಚ್ಚುವ ಪಾನಾ ಕಸಿದು "ಬಿಡಲೇ, ನಿನ್ನ ಕೈಗಿ ಮೊಬೈಲ್ ಚಂದ" ಎಂದ. ನಾನೇ ಹಡೆದ ಬಾಯಿ ಅದು, ನನಗೆ ಗೊತ್ತಿಲ್ಲವೇ? ಕಲಿಯಲು ಬಂದವನನ್ನು ಓಡಿಸಿದೆಯಲ್ಲೋ ಎಂದು ಅವನಿಗೂ ಬೈದಿದ್ದೇನೆ. ತಲೆ ತಗ್ಗಿಸಿ ಚಹಾ ಕುಡಿದ.

ನಿನ್ನ ಗಾಡಿಯನ್ನು ನೀನೇ ಬಿಚ್ಚುವುದು ತಪ್ಪೆಂದು ನಾನು ಅನ್ನುವುದಿಲ್ಲ. ನಿಮ್ಮಜ್ಜನೂ ತನ್ನ ಬಂಡಿಗೆ ಬೇರೆಯವರ ಕೈ ಹಚ್ಚಗೊಡುತ್ತಿರಲಿಲ್ಲ. ಆದರೆ ಆತ ಬಡಿಗೇರ ಜಕ್ಕಪ್ಪನ ಹತ್ತಿರ ಕೂತು, ಬೈಸಿಕೊಂಡು ಕಲಿತಿದ್ದ. ನಿನಗೆ ಬೈಸಿಕೊಳ್ಳದೆ ಕಲಿಯಬೇಕು. ಮೊಬೈಲ್ ಬೈಯುವುದಿಲ್ಲವಲ್ಲ!

ಕುಬಸಕ್ಕೆ ಮುಂಚೆ ಗಾಡಿಯನ್ನು ಅಣ್ಣಾಸಾಬನ ಮುಂದೆ ನಿಲ್ಲಿಸು. ನೀನೇ ಬಿಚ್ಚು, ಅವನು ನೋಡಲಿ. ಆಗುವುದಿಲ್ಲವೆಂದರೆ ದಾನೇಶ್ವರಿಯನ್ನು ಬಸ್ಸಿಗೆ ಕರೆದುಕೊಂಡು ಹೋಗು.

ಬೈದು ಬೈದು ದಣಿದ ನಿನ್ನ ಆಯಿ,
ಚನ್ನವ್ವ

ತಾ.ಕ.: ಬ್ರೇಕ್ ಝಕಾಸ್ ಆದದ್ದು ಕೀಲೆಣ್ಣೆಯಿಂದ ಅಲ್ಲ. ನೀನು ಉಂಡು ಗೊರಕೆ ಹೊಡೆಯುವಾಗ ಅಣ್ಣಾಸಾಬ ಹಿತ್ತಲ ಬಾಗಿಲಿನಿಂದ ಬಂದು, ಎಣ್ಣೆ ಹತ್ತಿದ ಬ್ರೇಕಿನ ಲೈನರ್ ಕಿತ್ತು ಹೊಸದು ಹಾಕಿ ಹೋದ. ನೀನು ಗಾಡಿ ಬಿಚ್ಚಿದ ಪ್ರತಿ ರವಿವಾರವೂ ಇದೇ ನಡೆದಿದೆ. ಹೋಳಿಗೆಗೆ ನಾನು ಅಷ್ಟು ತುಪ್ಪ ಸುರಿಯುತ್ತಿದ್ದದ್ದು ಬರೀ ಪ್ರೀತಿಗೆ ಎಂದುಕೊಂಡಿದ್ದೆಯಾ? ದಾನೇಶ್ವರಿಗೆ ಏನೂ ಅನ್ನಬೇಡ, ನೀನು ಹೊರಳಿದರೆ ಅಂಗಳಕ್ಕೆ ಕೇಳುವಂತೆ ಕೆಮ್ಮುವುದಷ್ಟೇ ಅವಳ ಕೆಲಸ. "ಅವಗ ಹೇಳಬ್ಯಾಡವ್ವಾ, ಮನಿಗೆ ಬರೂದೂ ಬಿಟ್ಟಾನು" ಎಂದು ಅವನೇ ನನ್ನ ಬಾಯಿ ಕಟ್ಟಿದ್ದ. ಈಗ ಅವನ ಎರಡೂ ಕಣ್ಣಿಗೆ ಪೊರೆ. ನಿನ್ನೆ ಬೋಲ್ಟು ಎಲ್ಲಿದೆ ಎಂದು ಬೆರಳಿನಿಂದ ತಡವಿ ಹುಡುಕುತ್ತಿದ್ದ. ಬರುವ ತಿಂಗಳು ಮಿರಜದಲ್ಲಿ ಆಪರೇಶನ್. ಆಮೇಲೆ ಅವನ ಕಣ್ಣು ಸರಿಹೋಗುವ ತನಕ ನೀನು ಮಲಗಿದಾಗ ಬರುವವರು ಯಾರೂ ಇಲ್ಲ, ಅವನ ಅಂಗಡಿಯಲ್ಲಿ ಪಾನಾ ಹಿಡಿಯುವವರೂ ಯಾರೂ ಇಲ್ಲ. ಬರುವ ತಿಂಗಳು ಹುಟ್ಟುವುದರೊಳಗೆ ಉತ್ತರ ಬರೆ.