ಮೊದಲೇ ಬರೆದಿಟ್ಟ ಹೌದು

ಜೂನ್ ೧೧, ಮಂಗಳವಾರ

ಸಕಲರಿಗೂ ತಿಳಿಯಪಡಿಸುವುದೇನೆಂದರೆ, ಇಂದು ನಾನು ಒಂದೇ ಒಂದು ಗುಂಡಿ ಒತ್ತಿ, ನಮ್ಮ ಕಾಲೇಜು ಲ್ಯಾಬಿನ ಅಷ್ಟೂ ಕಂಪ್ಯೂಟರುಗಳು ತಾವಾಗಿಯೇ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿಕೊಳ್ಳುವುದನ್ನು ಕಾಲ ಮೇಲೆ ಕಾಲು ಹಾಕಿಕೊಂಡು ನೋಡಿದೆ. "ಡಿಸ್ಕ್ ಅಳಿಸಲೇ?" ಎಂಬ ಪ್ರಶ್ನೆಗೆ "ಹೌದು" ಎಂದು ಮೊದಲೇ ಬರೆದಿಟ್ಟಿದ್ದೆ.

ಪಕ್ಕದ ಗ್ರಂಥಾಲಯವೂ ಲ್ಯಾಬಿನ ಅದೇ ನೆಟ್‌ವರ್ಕ್ ಕೇಬಲ್ಲಿನಲ್ಲಿದೆ ಎಂಬುದು ಮರೆತೇಹೋಗಿತ್ತು. ಗ್ರಂಥಪಾಲಕಿ ಅಕ್ಕ ತಮ್ಮ ಕಂಪ್ಯೂಟರ್ ಆನ್ ಮಾಡಿದರು. ನನ್ನ "ಹೌದು" ಅಲ್ಲಿಗೂ ಹೋಗಿ, ಅವರ ಡಿಸ್ಕನ್ನೂ ಅಳಿಸಿತು.

"ತೀರಿಕೊಂಡ ನಮ್ಮಮ್ಮ ನನ್ನನ್ನ ಬೈತಿದ್ದದ್ದೆಲ್ಲ ಅದರಲ್ಲೇ ರೆಕಾರ್ಡ್ ಮಾಡಿಟ್ಟಿದ್ದೆ ಕಣೋ. ಒಂದು ಮಾತು ಕೇಳಬಾರದಿತ್ತಾ?"

ಯಾರನ್ನೂ ಕೇಳದಿರುವುದೇ ನನ್ನ ಜಾಣತನವಾಗಿತ್ತು. ಅಕ್ಕನಾದರೂ ನಾಲ್ಕು ಬೈದಿದ್ದರೆ ನಿದ್ದೆ ಬರುತ್ತಿತ್ತು.

ಡಿಸ್ಕ್ ರಿಪೇರಿಯವರು, "ಮತ್ತೆ ಆನ್ ಮಾಡದೆ ತಂದ್ರೆ ಒಂದಿಷ್ಟು ಸಿಗಬಹುದು" ಅಂದಿದ್ದಾರೆ. ಬೆಳಿಗ್ಗೆ ಇದನ್ನು ಓದುವ ಮಹಾಶಯನೇ, ಅಂದರೆ ನಾನೇ, ಹಲ್ಲುಜ್ಜುವುದು ಆಮೇಲಿರಲಿ. ಮೊದಲು ಹೋಗಿ, ಯಾರಾದರೂ ಆನ್ ಮಾಡುವ ಮುಂಚೆ, ಅಕ್ಕನ ಕಂಪ್ಯೂಟರಿನ ಪ್ಲಗ್ ಕಿತ್ತಿಡಪ್ಪಾ.