ತುಟಿ ಕಾಣದ ದಿನಗಳು

ಮಂಗಳವಾರ, ಮಧ್ಯಾಹ್ನ

ನನ್ನ ಚಿನ್ನುವಿಗೆ ಅಮ್ಮನ ಮುತ್ತುಗಳು.

ಫೋನ್ ಯಾಕೆ ಎತ್ತುವುದಿಲ್ಲ, ಎತ್ತಿದರೂ ಹ್ಞೂಂ ಹ್ಞೂಂ ಎಂದು ಯಾಕೆ ಇಟ್ಟುಬಿಡುತ್ತೀಯ ಎಂದು ನಿನಗೆ ಸಿಟ್ಟು. ಸಿಟ್ಟು ನ್ಯಾಯವೇ, ಆದರೆ ತುಂಬಿದ ಬಸುರಿ ಅಷ್ಟು ಸಿಡುಕಬಾರದು. ವಿಷಯ ಏನೆಂದರೆ, ನನಗೆ ಕಿವಿ ಕೇಳಿಸುವುದಿಲ್ಲ. ಗಾರ್ಮೆಂಟ್ ಫ್ಯಾಕ್ಟರಿಯ ಮೆಷಿನ್‌ಗಳ ಗದ್ದಲದಲ್ಲಿ ಅರ್ಧ ಹೋಗಿತ್ತು, ನಿನ್ನ ಮದುವೆಯ ಆಚೀಚೆ ಉಳಿದದ್ದೂ ಹೋಯಿತು. ಈಗ ಗುಂಯ್ ಎನ್ನುವುದೊಂದೇ ಕೇಳುತ್ತದೆ. ಜನರ ತುಟಿ ನೋಡಿಕೊಂಡೇ ಇಷ್ಟು ದಿನ ಹೊಲಿಗೆ ಅಂಗಡಿ ನಡೆಸಿದೆ. ನೀನು ಬಂದಾಗಲೆಲ್ಲ ನಿನ್ನ ಮುಖವನ್ನೇ ನೋಡುತ್ತಾ ಕೂರುತ್ತಿದ್ದೆನಲ್ಲ, ಅತ್ತೆಗೆ ಮಗಳೆಂದರೆ ಎಷ್ಟು ಪ್ರೀತಿ ಎಂದು ನಿನ್ನ ಗಂಡ ತಮಾಷೆ ಮಾಡುತ್ತಿದ್ದರು. ಪ್ರೀತಿಯೂ ಇತ್ತು ಅನ್ನು.

ಈಗ ಬೀದಿಯ ಬಾಯಿಗಳೆಲ್ಲ ಮಾಸ್ಕಿನೊಳಗೆ. ಹೊಲಿದುಕೊಟ್ಟವಳೂ ನಾನೇ. ಮೂಗು ಮುಚ್ಚಲಿ, ಕೆಳಗಿಳಿಸಬೇಡಿ ಎಂದು ಎಲ್ಲರಿಗೂ ಬುದ್ಧಿ ಹೇಳುತ್ತೇನೆ. ಅವರು ತಿರುಗಿ ಏನೆನ್ನುತ್ತಾರೋ ದೇವರಿಗೇ ಗೊತ್ತು. ಹಸಿರು ಬಟ್ಟೆ ಕೇಳಿದವರಿಗೆ ಹೂವಿನದು ಕೊಟ್ಟು ಕಳಿಸಿದ್ದೇನೆ.

ಎದುರಿನ ಔಷಧಿ ಅಂಗಡಿಯಾಕೆಗೆ ಮಾತ್ರ ನನ್ನ ಗುಟ್ಟು ತಿಳಿಯಿತು. ಗಂಟಲು ಕೆರೆತಕ್ಕೆ ಗುಳಿಗೆ ಕೇಳಲು ಹೋಗಿ, ಅವಳು ಹೇಳಿದ್ದು ತಿಳಿಯದೆ ಪೆಚ್ಚಾಗಿ ನಿಂತಿದ್ದೆ. ಅವಳು ಆಚೀಚೆ ನೋಡಿ, ಮಾಸ್ಕನ್ನು ಗಲ್ಲಕ್ಕಿಳಿಸಿ, "ನಿಮಗೆ ಕೇಳಿಸ್ತಿಲ್ಲ ಅಲ್ವಾ ಅಕ್ಕ? ನಾನು ಯಾರಿಗೂ ಹೇಳಲ್ಲ" ಎಂದಳು. ಒಂದು ಇಡೀ ಮಾತು ಅರ್ಥವಾಗಿ ಎಷ್ಟು ದಿನವಾಗಿತ್ತೋ, ಕಣ್ಣಲ್ಲಿ ನೀರು ಬಂತು. ಆಮೇಲೆ ದಿನಾ ಸಂಜೆ ಏನಾದರೊಂದು ನೆವ ಮಾಡಿಕೊಂಡು ಹೋಗುತ್ತಿದ್ದೆ. ಅವಳು ಮಾಸ್ಕ್ ಇಳಿಸುತ್ತಿದ್ದಳು, ನಾನೂ ಇಳಿಸುತ್ತಿದ್ದೆ, ಇಬ್ಬರೂ ಹರಟುತ್ತಿದ್ದೆವು.

ಈಗ ಅವಳು ಆಸ್ಪತ್ರೆಯಲ್ಲಿದ್ದಾಳೆ. ಉಸಿರಾಟಕ್ಕೆ ನಳಿಗೆ ಹಾಕಿದ್ದಾರಂತೆ. ಔಷಧಿ ಮಾರುವವಳೇ ಮಾಸ್ಕ್ ಇಳಿಸಿಕೊಂಡಿರುತ್ತಿದ್ದಳು, ಅನುಭವಿಸಲಿ ಎಂದು ಬೀದಿಯವರು ಆಡಿಕೊಳ್ಳುತ್ತಿದ್ದಾರೆ ಎಂದು ಮೇಲಿನ ಮನೆಯ ಟೀಚರು ಚೀಟಿಯಲ್ಲಿ ಬರೆದು ತೋರಿಸಿದರು. ಮೊನ್ನೆ ತಡೆಯಲಾರದೆ ಅವರೊಬ್ಬರಿಗೆ ನನ್ನ ಕಿವಿಯ ವಿಷಯ ಹೇಳಿಕೊಂಡಿದ್ದೆ. ಯಾರಿಗಾಗಿ ಇಳಿಸುತ್ತಿದ್ದಳೆಂದು ಬಲ್ಲವಳು ನಾನೊಬ್ಬಳೇ.

ಅವಳನ್ನು ಕರೆದೊಯ್ದ ಮಾರನೆಯ ದಿನ ಆರೋಗ್ಯ ಕಾರ್ಯಕರ್ತೆ ಮನೆಮನೆಗೆ ಬಂದಳು. ನನ್ನನ್ನೂ ಏನೇನೋ ಕೇಳಿದಳು. ಹಳೆಯ ಅಭ್ಯಾಸ ನೋಡು, ನಿನ್ನ ಮಾತಿಗೆಲ್ಲ ಹ್ಞೂಂ ಎನ್ನುತ್ತೇನೆ, ಕಾಗದ ಹಿಡಿದು ಬಂದವರಿಗೆಲ್ಲ ಇಲ್ಲ ಎನ್ನುತ್ತೇನೆ. ನಗುತ್ತಾ ಇಲ್ಲ, ಇಲ್ಲ ಎಂದೆ. ಬರೆದುಕೊಂಡು ಹೋದಳು. ಔಷಧಿ ಅಂಗಡಿಗೆ ಹೋಗಿದ್ದಿರಾ, ಕೆಮ್ಮು, ಗಂಟಲು ನೋವು ಇದೆಯಾ ಎಂದು ಕೇಳಿದ್ದಳಂತೆ. ಅದೂ ಟೀಚರ ಚೀಟಿಯಿಂದಲೇ ತಿಳಿಯಿತು. ಅಷ್ಟರಲ್ಲಿ ಅಂಗಡಿಯಲ್ಲಿ ಕೂತು ಎಷ್ಟು ಮಕ್ಕಳ ಮುಖದ ಅಳತೆ ತೆಗೆದಿದ್ದೆನೋ.

ತಲೆಯೇ ಓಡುತ್ತಿಲ್ಲ ಕಣೇ. ಅವಳಿಂದ ನನಗೆ ಬಂತೋ, ನನ್ನ ಗಂಟಲಿನಿಂದ ಅವಳಿಗೆ ಹೋಯಿತೋ? ಅವಳು ಮಾಡಿದ್ದು ದಯೆಯೋ, ತಪ್ಪೋ? ಕೇಳುವುದಿಲ್ಲ ಎಂದು ನಾನು ಬಾಯಿಬಿಟ್ಟಿದ್ದರೆ ಜನ ಚೀಟಿ ಬರೆದು ಕೊಡುತ್ತಿದ್ದರು, ಅಷ್ಟೇ ತಾನೆ. ಕಿವುಡಿ ಎನ್ನಿಸಿಕೊಳ್ಳಲು ನಾಚಿಕೆಪಟ್ಟೆ. ನಾಚಿಕೆ ನನ್ನೊಬ್ಬಳದೇ ಎಂದುಕೊಂಡಿದ್ದೆ.

ಇವತ್ತು ಅಂಗಡಿ ಮುಚ್ಚಿ, ಬಾಗಿಲಿಗೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದ್ದೇನೆ. ನನಗೆ ಕಿವಿ ಕೇಳಿಸುವುದಿಲ್ಲ, ಆಕೆ ಮಾಸ್ಕ್ ಇಳಿಸುತ್ತಿದ್ದುದು ನನಗಾಗಿ, ನನ್ನ ಅಂಗಡಿಗೆ ಬಂದವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಿ ಎಂದು. ಇದರಿಂದ ಅವಳ ಮಾನ ಉಳಿಯುತ್ತದೋ, ಇನ್ನಷ್ಟು ಹೋಗುತ್ತದೋ ಗೊತ್ತಾಗುತ್ತಿಲ್ಲ. ಜನ ನಿಂತು ಓದುತ್ತಿದ್ದಾರೆ. ಕಿಟಕಿಯಿಂದ ನೋಡಿದರೆ ಅವರ ಕಣ್ಣುಗಳಷ್ಟೇ ಕಾಣುತ್ತವೆ.

ಇಂತಿ ನಿನ್ನ
ಕಿವುಡಿ ಅಮ್ಮ

ಮರೆಯುವ ಮುನ್ನ: ನಿನ್ನೆ ನಿನ್ನ ಫೋನ್ ಬಹಳ ಹೊತ್ತು ನಡೆಯಿತು, ನೀನು ಏನೋ ಕೇಳಿರಬೇಕು. ನಾನು ಹ್ಞೂಂ, ಹಾಗೇ ಮಾಡು ಎಂದೆ. ಏನು ಕೇಳಿದ್ದೆ ಚಿನ್ನು? ಇಲ್ಲಿಗೆ ಬರಲೇ ಎಂದಿದ್ದರೆ ಬರಬೇಡ, ಹೊರಟಿದ್ದರೆ ದಾರಿಯಿಂದಲೇ ಹಿಂದಿರುಗು. ಬೆಳಿಗ್ಗೆಯಿಂದ ನನಗೆ ಜ್ವರ. ಟೀಚರು ಕಿಟಕಿಯ ಗಾಜಿನಾಚೆಯಿಂದ ಈ ಕಾಗದದ ಫೋಟೊ ತೆಗೆದು ಈಗಲೇ ನಿನಗೆ ಕಳಿಸುತ್ತಾರೆ. ಫೋನ್ ಮಾಡಬೇಡ, ಬರೆದು ಕಳಿಸು.