ಎಮ್ಮೆ ತೊಟ್ಟಿಯ ಮದ್ದು

ಮಿರಜ,
೧೪ ಡಿಸೆಂಬರ್ ೨೦೨೪

ಅವ್ವ ಸಾವಕ್ಕನಿಗೆ ನಿನ್ನ ಉಜ್ವಲಾ ದವಾಖಾನೆಯ ಮಂಚದ ಮೇಲೆ ಕುಳಿತೇ ಮಾಡುವ ನಮಸ್ಕಾರ.

ಅವ್ವಾ, ಸಿಕ್ಕಿಬಿತ್ತು! ಏಳು ವರ್ಷ ಕಣ್ಣಾಮುಚ್ಚಾಲೆ ಆಡಿದ್ದು ನಿನ್ನೆ ಡಾಕ್ಟರ ಕೈಗೆ ಸಿಕ್ಕಿಬಿತ್ತು. ಫೋನಿನಲ್ಲಿ ಹೇಳಿದರೆ "ಆತು, ಆತು" ಎಂದು ಇಟ್ಟುಬಿಡುತ್ತೀ. ಅದಕ್ಕೇ ಬರೆದು ತಮ್ಮ ಮಾಳು ಕೈಲಿ ಕಳಿಸುತ್ತಿದ್ದೇನೆ.

ನಿನಗೆ ಗೊತ್ತೇ ಇದೆ, ಎದೆ ಬಡಿತ ಓಡಲು ಶುರುವಾದರೆ ದವಾಖಾನೆ ಮುಟ್ಟುವಷ್ಟರಲ್ಲಿ ಆ ಓಟ ನಿಂತುಬಿಡುತ್ತಿತ್ತು. ಇಲ್ಲವೇ ನೀನು ಕಲಿಸಿದಂತೆ ಎಮ್ಮೆ ತೊಟ್ಟಿಯ ತಣ್ಣೀರಲ್ಲಿ ಮುಖ ಮುಳುಗಿಸಿ ನಾನೇ ನಿಲ್ಲಿಸುತ್ತಿದ್ದೆ. ಇಸಿಜಿ ತೆಗೆದರೆ ಎಲ್ಲ ಸರಿ. ನಮ್ಮ ಅತ್ತೆ ಕಸ್ತೂರೆವ್ವ, ಕಬ್ಬಿನ ಕಳೆ ತೆಗೆಯುವ ದಿನವೇ ಸೊಸೆಗೆ ಈ ಸೋಗು ಬರುತ್ತದೆಂದು ನಮ್ಮೂರು ಅಲಖನೂರ ತುಂಬ ಹೇಳಿಕೊಂಡು ಬಂದರು. ಕಳೆದ ತಿಂಗಳು ಬಾವಿ ದಂಡೆಯಲ್ಲಿ ಎಚ್ಚರ ತಪ್ಪಿ ಬಿದ್ದೆನಲ್ಲ, ಒಂದು ಗೇಣು ಆಚೆ ಬಿದ್ದಿದ್ದರೆ ಈ ಪತ್ರವೇ ಇರುತ್ತಿರಲಿಲ್ಲ.

ನಿನ್ನೆ ತೊಡೆಯ ಸಂದಿಯಿಂದ ಎದೆಯವರೆಗೆ ಸಣ್ಣ ತಂತಿ ಬಿಟ್ಟರು. ನಾನು ಎಚ್ಚರವಾಗಿಯೇ ಇದ್ದೆ. ಬೇಕಂತಲೇ ಆ ಓಟವನ್ನು ಕೆಣಕುತ್ತೇವೆ, ಹೆದರಬೇಡ ಎಂದರು. ಅರ್ಧ ತಾಸು ಏನೂ ಇಲ್ಲ. ಬಾ, ಬಂದುಬಿಡು ಎಂದು ಬೇಡಿಕೊಂಡೆ ಅವ್ವಾ! ನಿನ್ನೆಯೂ ಬರದಿದ್ದರೆ ಸಾಯುವತನಕ ನಾನು ಸೋಗಲಾಡಿಯೇ. ಆಮೇಲೆ ಬಂತು. ಡಾಕ್ಟರು ಪರದೆ ನೋಡುತ್ತ ಮರಾಠಿಯಲ್ಲಿ "ಸಾಪಡ್ಲಂ", ಸಿಕ್ಕಿತು ಎಂದರು. ಖುಷಿಗೆ ಅಳು ಬಂತು.

ಹೃದಯದಲ್ಲಿ ಇರಬಾರದ ಎಳೆಯೊಂದು ಹುಟ್ಟಿನಿಂದಲೇ ಇತ್ತಂತೆ, ಕಾಲುವೆ ಒಡ್ಡಿನಲ್ಲಿ ಹೆಗ್ಗಣದ ತೂತು ಇದ್ದ ಹಾಗೆ. ಬಡಿತ ಅದರೊಳಗೆ ನುಗ್ಗಿ ಸುತ್ತು ಹೊಡೆಯುತ್ತಿತ್ತು. ಬಹಳ ಅಪರೂಪದ್ದಂತೆ. ತಂತಿಯ ಕಾವಿನಿಂದಲೇ ಅದನ್ನು ಸುಟ್ಟರು. ಆಮೇಲೆ ಎಷ್ಟು ಕೆಣಕಿದರೂ ಬರಲಿಲ್ಲ.

ಬಡಿತ ಮೂಡಿದ ಕಾಗದವನ್ನು ಅತ್ತೆ ಬಹಳ ಹೊತ್ತು ನೋಡಿದರು. ಈಗ ವಾರ್ಡಿನವರಿಗೆಲ್ಲ ತೋರಿಸಿಕೊಂಡು ತಿರುಗುತ್ತಿದ್ದಾರೆ: "ನಮ್ಮ ಸೊಸಿ ಎದಿ ನಿಮಿಷಕ್ಕ ಎರಡನೂರಾ ಹದಿನೆಂಟ ಸಲ ಬಡದೈತ್ರಿ." ನಗಬೇಡ, ನಾನೂ ನಗು ತಡೆದುಕೊಂಡಿದ್ದೇನೆ.

ನಾಳೆ ಮನೆಗೆ ಬಿಡುತ್ತಾರೆ.

ನಿನ್ನ ಖರೇ ಜಡ್ಡಿನ ಮಗಳು,
ಉಜ್ವಲಾ

ತಾ.ಕ.: ತೊಟ್ಟಿಯ ಮದ್ದು ಕೇಳಿ ಡಾಕ್ಟರು ಬೆರಗಾದರು. ಸರಿಯಾದ ಉಪಾಯವೇ, ಆದರೆ ನಿಮ್ಮ ಅವ್ವನಿಗೆ ಹೇಗೆ ಗೊತ್ತು ಎಂದರು. ಆಗಲೇ ನನಗೆ ನೆನಪಾಯಿತು. ನಾನು ಸಣ್ಣವಳಿದ್ದಾಗ ತವರು ದಿಗ್ಗೇವಾಡಿಯಲ್ಲಿ ನೀನು ತೊಟ್ಟಿಯಿಂದ ಮುಖ ಎತ್ತಿ, ಎಮ್ಮೆಗೆ ಒರಗಿ ನಿಲ್ಲುತ್ತಿದ್ದೆ. ಕೇಳಿದರೆ ಸೆಕೆ ಎನ್ನುತ್ತಿದ್ದೆ. ಸಂಕ್ರಾಂತಿಯ ಚಳಿಯಲ್ಲೂ ಸೆಕೆಯೇ, ಅವ್ವಾ? ಮಂಗಳವಾರಕ್ಕೆ ಇದೇ ಡಾಕ್ಟರ ಹತ್ತಿರ ನಿನ್ನ ಹೆಸರು ಬರೆಸಿದ್ದೇನೆ. ಮಾಳು ಜೊತೆ ಬಸ್ ಹತ್ತು. ಇಲ್ಲಿ ಯಾರೂ ಸೋಗು ಎನ್ನುವುದಿಲ್ಲ.